ಪೇಟೆಯ ನಡುವಿನ ಪರವಾನಗಿ: ಊರಿನ ಮಾತಿಗೆ ಬೆಲೆ ಬೇಕು

ಒಂದು ಊರಿನ ಪೇಟೆಯ ನಡುವೆ ಎಷ್ಟು ಮದ್ಯದ ಅಂಗಡಿಗಳು ಇರಬೇಕು? ಎಲ್ಲಿ ಇರಬೇಕು? ಅದನ್ನು ತೀರ್ಮಾನಿಸುವವರು ಯಾರು? ಇವತ್ತಿನ ಮಾತು ಈ ಪ್ರಶ್ನೆಗೆ ಮೀಸಲು. ಕುಡಿತ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಇಲ್ಲಿ ಬೇಡ. ಅದನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಸಂಪೂರ್ಣ ಪಾನನಿಷೇಧ ಬೇಕೆಂದು ವಾದಿಸಲೂ ನಾನು ಬಂದಿಲ್ಲ. ನಾನು ಹೇಳಬೇಕೆಂದಿರುವುದು ಒಂದೇ ಮಾತು. ಮದ್ಯದ ಅಂಗಡಿಯ ಭಾರ ಹೊರುವುದು ಊರು. ಆದ್ದರಿಂದ ಅಂಗಡಿ ಬೇಕೇ ಬೇಡವೇ, ಬೇಕಾದರೆ ಎಲ್ಲಿ, ಎಷ್ಟು ಎಂಬುದರಲ್ಲಿ ಊರಿನ ಮಾತಿಗೆ ಕಾನೂನಿನ ಬೆಲೆ ಇರಬೇಕು. ಇದನ್ನು ಗದಗ ಜಿಲ್ಲೆಯ ಲಕ್ಷ್ಮೇಶ್ವರವನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ. ಲಕ್ಷ್ಮೇಶ್ವರಕ್ಕೆ ಸಲ್ಲುವ ಮಾತು ಶಿರಹಟ್ಟಿಗೂ ಮುಂಡರಗಿಗೂ ಸಲ್ಲುತ್ತದೆ. ಕರ್ನಾಟಕದ ಯಾವುದೇ ಸಣ್ಣ ಪಟ್ಟಣಕ್ಕೂ ಸಲ್ಲುತ್ತದೆ.

ಮೊದಲು ಊರಿನ ಸ್ವರೂಪ ನೋಡೋಣ. ಲಕ್ಷ್ಮೇಶ್ವರ ಹಳೆಯ ಪಟ್ಟಣ. ಶಾಸನಗಳಲ್ಲಿ ಇದರ ಹೆಸರು ಪುಲಿಗೆರೆ. ಪುಲಿಗೆರೆ ಮುನ್ನೂರು ಎಂಬ ನಾಡಿಗೆ ಇದೇ ತಲೆಯೂರು. ಸೋಮೇಶ್ವರನ ಗುಡಿ ಇಲ್ಲಿದೆ. ಶಂಖ ಬಸದಿ ಇದೆ. ಆದಿಲಶಾಹಿ ಕಾಲದ ಮಸೀದಿ ಇದೆ. ದೂದಪೀರರ ದರ್ಗಾ ಇದೆ. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ 36 ಸಾವಿರಕ್ಕೂ ಮಿಕ್ಕಿ. ಊರಿನ ಆಡಳಿತ ಪುರಸಭೆಯದು. ಕೆಲವು ವರ್ಷಗಳ ಹಿಂದೆ ಶಿರಹಟ್ಟಿಯಿಂದ ಬೇರೆಯಾಗಿ ಇದು ತಾಲೂಕು ಕೇಂದ್ರವೂ ಆಯಿತು. ಹೀಗಾಗಿ ಪೇಟೆಗೆ ಬರುವವರು ಊರಿನವರಷ್ಟೇ ಅಲ್ಲ. ಶಿಗ್ಲಿಯಿಂದ, ಸೂರಣಗಿಯಿಂದ, ಬಾಲೆಹೊಸೂರಿನಿಂದ, ಯಳವತ್ತಿಯಿಂದ ಜನ ಬರುತ್ತಾರೆ. ರೈತ ಎಪಿಎಂಸಿಗೆ ಶೇಂಗಾ, ಉಳ್ಳಾಗಡ್ಡಿ, ಹೆಸರು ತರುತ್ತಾನೆ. ಮಾಲು ಮಾರಿದ ದುಡ್ಡು ಕಿಸೆಯಲ್ಲಿಟ್ಟುಕೊಂಡು ಬಸ್‌ ನಿಲ್ದಾಣದ ಕಡೆ ನಡೆಯುತ್ತಾನೆ. ಅದೇ ದಾರಿಯಲ್ಲಿ ಹಳ್ಳಿಯ ಹುಡುಗಿಯರು ಹೈಸ್ಕೂಲು, ಕಾಲೇಜು ಮುಗಿಸಿ ಬಸ್ಸಿಗೆ ಬರುತ್ತಾರೆ. ಕೂಲಿ ಮುಗಿಸಿದ ಹೆಣ್ಣುಮಕ್ಕಳು ಸಂತೆ ಚೀಲ ಹಿಡಿದು ಬರುತ್ತಾರೆ. ಪೇಟೆಯ ನಡುಭಾಗ ಎಂದರೆ ಇದು. ಅಲ್ಲಿಗೆ ಎಲ್ಲರೂ ಬರಲೇಬೇಕು. ಸುತ್ತಿ ಬಳಸಿ ಹೋಗಲು ಬೇರೆ ದಾರಿ ಇರುವುದಿಲ್ಲ. ಊರಾಚೆಯ ಒಂದು ಬಾರಿಗೂ ಪೇಟೆಯ ನಡುವಿನ ಒಂದು ಬಾರಿಗೂ ಇರುವ ವ್ಯತ್ಯಾಸ ಇದೇ. ಊರಾಚೆಯ ಅಂಗಡಿಗೆ ಬೇಕಾದವರು ಹೋಗುತ್ತಾರೆ. ಪೇಟೆಯ ನಡುವಿನ ಅಂಗಡಿಯ ಮುಂದೆ ಬೇಡವಾದವರೂ ದಿನಾ ಎರಡು ಸಲ ಹಾಯಬೇಕು.

ಪೇಟೆಯ ನಡುಭಾಗ ಎಲ್ಲರ ಜಾಗ ಎಂಬುದು ಮೊದಲನೆಯ ಮಾತಾಯಿತು. ಈಗ ಎರಡನೆಯದು. ಅಲ್ಲಿ ಮದ್ಯದ ಅಂಗಡಿಗೆ ಅಪ್ಪಣೆ ಕೊಡುವವರು ಯಾರು? ಪುರಸಭೆಯೇ ಕೊಡುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಹಾಗಲ್ಲ. ಸಂವಿಧಾನದ ಪ್ರಕಾರ ಮದ್ಯ ರಾಜ್ಯ ಸರಕಾರದ ವಿಷಯ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ. ಅದರ ಕೆಳಗೆ ನಿಯಮಗಳಿವೆ. ಪರವಾನಗಿ ಹೊರಡುವುದು ಅಬಕಾರಿ ಇಲಾಖೆ ಮತ್ತು ಜಿಲ್ಲಾಧಿಕಾರಿಗಳ ಕಚೇರಿಯಿಂದ. ಪರವಾನಗಿಗಳಲ್ಲಿ ನಾನಾ ಬಗೆ. ಸೀಲು ಒಡೆಯದ ಬಾಟಲಿ ಮಾರುವ ಚಿಲ್ಲರೆ ಅಂಗಡಿಗೆ ಸಿಎಲ್-2. ಇದನ್ನೇ ಜನ ವೈನ್ ಶಾಪ್ ಎನ್ನುತ್ತಾರೆ. ಕೂತು ಕುಡಿಯುವ ಬಾರ್ ಅಂಡ್ ರೆಸ್ಟೋರೆಂಟಿಗೆ ಸಿಎಲ್-9. ವಸತಿಗೃಹಗಳಿಗೆ ಸಿಎಲ್-7. ಸರಕಾರದ್ದೇ ಆದ ಎಂಎಸ್‌ಐಎಲ್ ಮಳಿಗೆಗಳ ಬಗೆಯೇ ಬೇರೆ. ಈ ಪರವಾನಗಿಗಳು ಪ್ರತಿ ವರ್ಷ ಜುಲೈ 1ಕ್ಕೆ ನವೀಕರಣ ಆಗುತ್ತವೆ. ಇಷ್ಟೆಲ್ಲ ನಡೆಯುವಾಗ ಪುರಸಭೆಯ ಚುನಾಯಿತ ಸಭೆಗೆ ಇರುವ ಪಾತ್ರ ತೀರಾ ಸಣ್ಣದು. ಅದು ಠರಾವು ಮಾಡಬಹುದು. ಮನವಿ ಕಳಿಸಬಹುದು. ಆ ಠರಾವು ಅಬಕಾರಿ ಅಧಿಕಾರಿಯ ಕೈ ಕಟ್ಟುವುದಿಲ್ಲ. ಬೀದಿದೀಪ ಎಲ್ಲಿ ಬೇಕು, ಗಟಾರ ಎಲ್ಲಿ ಕಟ್ಟಬೇಕು ಎಂದು ತೀರ್ಮಾನಿಸುವ ಸಭೆಗೆ, ಮದ್ಯದ ಅಂಗಡಿ ಎಲ್ಲಿ ಬೇಡ ಎಂದು ತೀರ್ಮಾನಿಸುವ ಅಧಿಕಾರ ಇಲ್ಲ.

ನಿಯಮಗಳಲ್ಲಿ ಊರಿಗೆ ಯಾವ ರಕ್ಷಣೆಯೂ ಇಲ್ಲ ಎಂದು ಇದರ ಅರ್ಥವಲ್ಲ. ಒಂದು ಮುಖ್ಯ ರಕ್ಷಣೆ ಇದೆ. ಶಾಲೆ, ಆಸ್ಪತ್ರೆ, ಪೂಜಾಸ್ಥಳಗಳಿಂದ ನೂರು ಮೀಟರ್ ಒಳಗೆ ಅಂಗಡಿ ಇರಬಾರದು. ಪರಿಶಿಷ್ಟರು ಹೆಚ್ಚಾಗಿ ವಾಸಿಸುವ ಕೇರಿಗಳಿಗೂ ಇದೇ ಅಂತರ. ಆದರೆ ನೂರು ಮೀಟರ್ ಎಂದರೆ ಎಷ್ಟು ಎಂದು ನೀವೇ ಲೆಕ್ಕ ಹಾಕಿ. ಶಾಲೆಯ ಗೇಟಿನಿಂದ ಹೊರಟ ಹುಡುಗಿ ಎರಡು ನಿಮಿಷ ನಡೆದರೆ ಆ ಗೆರೆ ದಾಟುತ್ತಾಳೆ. ಅವಳ ಮನೆ ಇನ್ನೂ ದೂರ ಇರುತ್ತದೆ. ಬಸ್‌ ನಿಲ್ದಾಣವೂ ದೂರ ಇರುತ್ತದೆ. ನಿಯಮ ಶಾಲೆಯ ಗೇಟನ್ನು ಕಾಯುತ್ತದೆ. ಶಾಲೆಯ ದಾರಿಯನ್ನು ಕಾಯುವುದಿಲ್ಲ. ಇನ್ನೊಂದು ಕೊರತೆಯೂ ಇದೆ. ಈ ನಿಯಮ ಒಂದೊಂದು ಅಂಗಡಿಯನ್ನು ಒಂಟಿಯಾಗಿ ಅಳೆಯುತ್ತದೆ. ಒಂದೇ ಬೀದಿಯಲ್ಲಿ ನಾಲ್ಕು ಅಂಗಡಿಗಳಿದ್ದರೆ, ಐದನೆಯದು ಬಂದಾಗ ಆ ಬೀದಿಯ ಗತಿ ಏನು ಎಂದು ಅದು ಕೇಳುವುದಿಲ್ಲ. ಪ್ರತಿಯೊಂದು ಅಂಗಡಿಯೂ ನಿಯಮದ ಒಳಗೇ ಇರುತ್ತದೆ. ಆದರೆ ಎಲ್ಲ ಕೂಡಿ ಬೀದಿಯನ್ನೇ ಬದಲಿಸಿರುತ್ತವೆ.

ಇಲ್ಲಿಯವರೆಗೆ ಎರಡು ಸಂಗತಿ ನೋಡಿದೆವು. ಪೇಟೆ ಎಲ್ಲರದು. ಪರವಾನಗಿ ಮಾತ್ರ ಹೊರಗಿನ ಕಚೇರಿಯದು. ಇನ್ನು ಮೂರನೆಯದಕ್ಕೆ ಬರೋಣ. ಅಂಗಡಿಗಳು ಪಟ್ಟಣದ ನಡುವಿಗೇ ಯಾಕೆ ಒತ್ತರಿಸಿ ಬರುತ್ತವೆ? ಸಿಎಲ್-2 ಮತ್ತು ಸಿಎಲ್-9 ಬಗೆಯ ಹೊಸ ಪರವಾನಗಿಗಳನ್ನು ರಾಜ್ಯ ಸರಕಾರ 1992ರಿಂದ ನಿಲ್ಲಿಸಿತ್ತು. ಕೇಳಿದರೆ ಸಮಾಧಾನ ಆಗುವ ಮಾತು. ಆದರೆ ಬೇರೆ ಬಾಗಿಲುಗಳು ತೆರೆದೇ ಇದ್ದವು. ವಸತಿಗೃಹದ ಹೆಸರಿನಲ್ಲಿ ಸಿಎಲ್-7 ಬಂತು. ಎಂಎಸ್‌ಐಎಲ್ ಮಳಿಗೆಗಳು ಬಂದವು. ಹಳೆಯ ಪರವಾನಗಿಯನ್ನು ವ್ಯಾಪಾರ ಕಡಿಮೆ ಇರುವಲ್ಲಿಂದ ವ್ಯಾಪಾರ ಹೆಚ್ಚಿರುವ ಕಡೆಗೆ ಸ್ಥಳಾಂತರಿಸುವ ದಾರಿಯೂ ಇತ್ತು. ಇದರ ಮೇಲೆ ಇನ್ನೊಂದು ಕಾರಣ ಸೇರಿತು. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ಮಹತ್ವದ ಆದೇಶ ಕೊಟ್ಟಿತು. ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ 500 ಮೀಟರ್ ಒಳಗೆ ಮದ್ಯದ ಅಂಗಡಿ ಇರಬಾರದು ಎಂದಿತು. ಕುಡಿದು ಗಾಡಿ ಓಡಿಸಿ ಆಗುವ ಸಾವುಗಳನ್ನು ತಡೆಯುವುದು ಅದರ ಉದ್ದೇಶ. 2017ರ ಮಾರ್ಚ್ ಕೊನೆಗೆ, 20 ಸಾವಿರದೊಳಗಿನ ಜನಸಂಖ್ಯೆಯ ಊರುಗಳಿಗೆ ಆ ಅಂತರ 220 ಮೀಟರಿಗೆ ಇಳಿಯಿತು. ಅದೇ ವರ್ಷದ ಜುಲೈನಲ್ಲಿ ನ್ಯಾಯಾಲಯ ಇನ್ನೊಂದು ಸ್ಪಷ್ಟನೆ ಕೊಟ್ಟಿತು. ಪುರಸಭೆ, ನಗರಸಭೆಗಳ ವ್ಯಾಪ್ತಿಯೊಳಗೆ ಈ ತಡೆ ಇಲ್ಲ ಎಂದಿತು. ಪರಿಣಾಮ ಊಹಿಸುವುದು ಕಷ್ಟವಲ್ಲ. ಹೆದ್ದಾರಿಯ ಬದಿಗೆ ಬಾಗಿಲು ಮುಚ್ಚಿ, ಪಟ್ಟಣದ ಒಳಗೆ ಬಾಗಿಲು ತೆರೆದರೆ, ಅಂಗಡಿ ಪಟ್ಟಣಕ್ಕೇ ಬರುತ್ತದೆ. ಹೆದ್ದಾರಿಯ ಪ್ರಯಾಣಿಕನನ್ನು ಕಾಯುವ ಒಳ್ಳೆಯ ಆದೇಶದ ಹೊರೆಯನ್ನು ಪಟ್ಟಣಗಳ ಬೀದಿಗಳು ಹೊತ್ತವು.

ಈಚಿನ ಬೆಳವಣಿಗೆಯನ್ನೂ ಗಮನಿಸಬೇಕು. 2023ರಲ್ಲಿ ದೊಡ್ಡ ಗ್ರಾಮ ಪಂಚಾಯ್ತಿಗಳಲ್ಲಿ ಹೊಸ ಮದ್ಯದಂಗಡಿ ತೆರೆಯುವ ಪ್ರಸ್ತಾವ ಸುದ್ದಿಯಾಯಿತು. ನಾಡಿನ ತುಂಬ ವಿರೋಧ ಬಂತು. ಸರಕಾರ ಹಿಂದೆ ಸರಿಯಿತು. ಅದು ಜನರ ಮಾತಿಗೆ ಸಿಕ್ಕ ಗೆಲುವು. ಆದರೆ 2025-26ರ ಬಜೆಟ್‌ನಲ್ಲಿ, ಅಬಕಾರಿ ಪರವಾನಗಿಗಳನ್ನು ಎಲೆಕ್ಟ್ರಾನಿಕ್ ಹರಾಜಿನ ಮೂಲಕ ಹಂಚುವುದಾಗಿ ಸರಕಾರ ಪ್ರಕಟಿಸಿತು. ಹರಾಜಿನಿಂದ ಪಾರದರ್ಶಕತೆ ಬರುತ್ತದೆ, ನಿಜ. ವಶೀಲಿ ಕಡಿಮೆಯಾದರೆ ಸಂತೋಷ. ಆದರೆ ಹರಾಜಿಗೆ ತನ್ನದೇ ಲೆಕ್ಕಾಚಾರ ಇರುತ್ತದೆ. ಹೆಚ್ಚು ಬೆಲೆ ಕೂಗಿದವನು ಆ ದುಡ್ಡು ವಾಪಸು ತೆಗೆಯಬೇಕು. ಅದಕ್ಕೆ ಜನಸಂದಣಿಯ ಜಾಗವೇ ಬೇಕು. ಬಸ್‌ ನಿಲ್ದಾಣದ ಎದುರು, ಸಂತೆಯ ಬದಿ, ನಾಕಾದ ಮೂಲೆ. ಆದ್ದರಿಂದ ಜಾಗದ ಮೇಲೆ ಮಿತಿ ಇಲ್ಲದ ಹರಾಜು ಅಂಗಡಿಯನ್ನು ಪೇಟೆಯ ನಡುವಿಗೇ ದೂಡುತ್ತದೆ. ಮಿತಿ ಹಾಕುವ ಮಾತನ್ನು ಆಡಲು ಇದಕ್ಕಿಂತ ತಕ್ಕ ಕಾಲ ಬೇರೆ ಇಲ್ಲ.

ಪರವಾನಗಿ ಹೊರಗಿನಿಂದ ಬರುತ್ತದೆ. ವ್ಯಾಪಾರದ ಲೆಕ್ಕಾಚಾರ ಅದನ್ನು ಪೇಟೆಗೆ ತರುತ್ತದೆ. ಇಷ್ಟು ಸ್ಪಷ್ಟವಾಯಿತು. ಈಗ ನಾಲ್ಕನೆಯ ಮಾತು, ಲಾಭನಷ್ಟದ್ದು. ಅಬಕಾರಿ ಆದಾಯ ಪೂರ್ತಿ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ಅದು ಸಣ್ಣ ಮೊತ್ತವಲ್ಲ. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾದಾಗ ವರ್ಷಕ್ಕೆ ಐದು ಸಾವಿರ ಕೋಟಿ ರೂಪಾಯಿಯೂ ಇರಲಿಲ್ಲ. ಈಗ 35 ಸಾವಿರ ಕೋಟಿಯ ಆಸುಪಾಸಿಗೆ ಬಂದಿದೆ. 2025-26ಕ್ಕೆ ಇಟ್ಟ ಗುರಿ 40 ಸಾವಿರ ಕೋಟಿ. ಪುರಸಭೆಗೆ ಇದರಲ್ಲಿ ನೇರ ಪಾಲು ಇಲ್ಲ. ಆದರೆ ಬೆಳಗಿನ ಜಾವ ಬೀದಿಯಲ್ಲಿ ಬಿದ್ದ ಬಾಟಲಿಯ ಚೂರು, ಟೆಟ್ರಾ ಪ್ಯಾಕು, ಪ್ಲಾಸ್ಟಿಕ್ ಲೋಟ ಗುಡಿಸುವುದು ಪುರಸಭೆಯ ಪೌರಕಾರ್ಮಿಕರು. ಗಟಾರ ಕಟ್ಟಿದರೆ ತೆಗೆಯುವುದೂ ಅವರೇ. ರಾತ್ರಿಯ ಜಗಳ ಬಿಡಿಸುವುದು ಊರಿನ ಪೊಲೀಸ್ ಠಾಣೆ. ಗಾಯಾಳುವಿಗೆ ಹೊಲಿಗೆ ಹಾಕುವುದು ಊರಿನ ಆಸ್ಪತ್ರೆ. ಮನೆಯೊಳಗಿನ ಏಟು, ತೀರದ ಸಾಲ, ಅರ್ಧಕ್ಕೆ ನಿಂತ ಓದು ಇವು ಯಾವ ಕಚೇರಿಯ ದಫ್ತರಕ್ಕೂ ಸೇರುವುದಿಲ್ಲ. ಉಂಡವರು ಒಬ್ಬರು, ಎಲೆ ಎತ್ತುವವರು ಇನ್ನೊಬ್ಬರು ಎಂಬಂತೆ ಆಗಿದೆ ಊರಿನ ಪಾಡು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಈ ಲೆಕ್ಕ ಹಾಕಿದ್ದರು. ಚಿಕಿತ್ಸೆ, ತಪ್ಪಿದ ದುಡಿಮೆ, ಅಪಘಾತ, ಕುಟುಂಬದ ನಷ್ಟ ಎಲ್ಲ ಕೂಡಿಸಿದರು. ಕರ್ನಾಟಕಕ್ಕೆ ಅಬಕಾರಿಯಿಂದ ಬರುವ ಹಣಕ್ಕಿಂತ ಕುಡಿತದಿಂದ ಆಗುವ ನಷ್ಟವೇ ದೊಡ್ಡದು ಎಂದು ಅವರ ಲೆಕ್ಕ ತೋರಿಸಿತು.

ಅಂಗಡಿಗಳ ಸಂಖ್ಯೆಗೂ ಕುಡಿತಕ್ಕೂ ಸಂಬಂಧ ಇದೆಯೇ ಎಂದು ನೀವು ಕೇಳಬಹುದು. ಇದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ವರ್ಷಗಳಿಂದ ಹೇಳುತ್ತ ಬಂದಿದೆ. ಕುಡಿತದ ಹಾನಿ ತಗ್ಗಿಸಲು ಕಡಿಮೆ ಖರ್ಚಿನ, ಫಲ ಕೊಡುವ ಮೂರು ದಾರಿಗಳನ್ನು ಅದು ಮುಂದಿಡುತ್ತದೆ. ತೆರಿಗೆ ಏರಿಸುವುದು ಒಂದು. ಜಾಹೀರಾತು ತಡೆಯುವುದು ಇನ್ನೊಂದು. ಮದ್ಯ ಸುಲಭವಾಗಿ ಕೈಗೆ ಸಿಗದಂತೆ ಮಾಡುವುದು ಮೂರನೆಯದು. ಅಂಗಡಿಗಳ ಸಂಖ್ಯೆ, ಜಾಗ, ವೇಳೆ ಇವೆಲ್ಲ ಈ ಮೂರನೆಯದರಲ್ಲಿ ಬರುತ್ತವೆ. 2019ರಲ್ಲಿ ಜಗತ್ತಿನಲ್ಲಿ ಸುಮಾರು 26 ಲಕ್ಷ ಜನ ಮದ್ಯದ ಕಾರಣದಿಂದ ಸತ್ತರು ಎಂದೂ ಅದೇ ಸಂಸ್ಥೆ ಲೆಕ್ಕ ಕೊಟ್ಟಿದೆ. ನಮ್ಮ ಸರಕಾರ ತೆರಿಗೆಯ ದಾರಿಯನ್ನು ಮತ್ತೆ ಮತ್ತೆ ಹಿಡಿದಿದೆ. ಅದರಿಂದ ಬೊಕ್ಕಸವೂ ತುಂಬುತ್ತದೆ. ಸುಲಭ ಲಭ್ಯತೆ ತಗ್ಗಿಸುವ ದಾರಿಯಲ್ಲಿ ಮಾತ್ರ ಹೆಜ್ಜೆ ಕಾಣುವುದಿಲ್ಲ. ಬೆಲೆ ಏರಿಸಿ, ಅಂಗಡಿಯನ್ನು ಮಾತ್ರ ಬಸ್‌ ನಿಲ್ದಾಣದ ಎದುರೇ ಇಟ್ಟರೆ, ಚಟಕ್ಕೆ ಬಿದ್ದವನ ಮನೆಯ ಸಂತೆ ಚೀಲ ಇನ್ನಷ್ಟು ಬರಿದಾಗುತ್ತದೆ.

ಸರಿ, ಭಾರ ಊರಿನ ಮೇಲೆ ಇದೆ. ಹಾಗಾದರೆ ಊರಿಗೆ ಮಾತು ಕೊಡುವ ದಾರಿ ಯಾವುದು? ಇದು ಐದನೆಯ ಮಾತು. ದಾರಿ ಹುಡುಕಲು ದೂರ ಹೋಗಬೇಕಿಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ ಒಂದು ವ್ಯವಸ್ಥೆ ಇದೆ. ಒಂದು ಹಳ್ಳಿಯ ಅಥವಾ ಪಟ್ಟಣದ ಒಂದು ವಾರ್ಡಿನ ಮಹಿಳಾ ಮತದಾರರಲ್ಲಿ ಕಾಲು ಭಾಗದಷ್ಟು ಜನ ಸಹಿ ಹಾಕಿ ಅರ್ಜಿ ಕೊಡಬಹುದು. ಅಧಿಕಾರಿಗಳು ಸಹಿಗಳನ್ನು ಪರಿಶೀಲಿಸುತ್ತಾರೆ. ಆಮೇಲೆ ಗುಪ್ತ ಮತದಾನ ನಡೆಯುತ್ತದೆ. ಮತಪತ್ರದ ಮೇಲೆ ಎರಡು ಚಿತ್ರ. ಒಂದರಲ್ಲಿ ಬಾಟಲಿ ನೆಟ್ಟಗೆ ನಿಂತಿದೆ. ಇನ್ನೊಂದರಲ್ಲಿ ಬಾಟಲಿ ಅಡ್ಡ ಮಲಗಿದೆ. ಅಂಗಡಿ ಇರಲಿ ಎನ್ನುವವರು ನಿಂತ ಬಾಟಲಿಗೆ ಗುರುತು ಹಾಕುತ್ತಾರೆ. ಬೇಡ ಎನ್ನುವವರು ಮಲಗಿದ ಬಾಟಲಿಗೆ ಹಾಕುತ್ತಾರೆ. ಓದು ಬಾರದ ಅಜ್ಜಿಗೂ ಇದು ತಿಳಿಯುತ್ತದೆ. ಒಟ್ಟು ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಲಗಿದ ಬಾಟಲಿಗೆ ಮತ ಹಾಕಿದರೆ ಅಂಗಡಿ ಮುಚ್ಚಬೇಕು. 2008ರ ಆದೇಶದಲ್ಲಿ ಇದರ ವಿವರ ಇದೆ. ಈ ವ್ಯವಸ್ಥೆಯಲ್ಲಿ ತೊಡಕೂ ಉಂಟು. ಮತ ಹಾಕಲು ಬಾರದವರೂ ಅಂಗಡಿಯ ಪರ ಎಂದೇ ಲೆಕ್ಕವಾಗುತ್ತಾರೆ. ಸಾವಿರ ಮತದಾರರಿದ್ದರೆ ಐದುನೂರಕ್ಕೆ ಮಿಕ್ಕಿ ಜನ ಬೂತಿಗೆ ಬಂದು ಬೇಡ ಎನ್ನಬೇಕು. ಕೂಲಿ ಬಿಟ್ಟು ಬರುವ ಹೆಣ್ಣುಮಕ್ಕಳಿಗೆ ಇದು ಸುಲಭವಲ್ಲ. ಹಾಗಿದ್ದೂ ಅಲ್ಲಿನ ಹಲವು ಊರುಗಳು ಈ ದಾರಿಯಲ್ಲಿ ಬಾಗಿಲು ಮುಚ್ಚಿಸಿವೆ. ಕರ್ನಾಟಕಕ್ಕೆ ಈ ಪಾಠ ಬೇಕು. ತೊಡಕನ್ನು ತಿದ್ದಿಕೊಂಡು ಬೇಕು.

ಇನ್ನೊಂದು ಮಾದರಿ ಇಂಗ್ಲೆಂಡಿನದು. ಅಲ್ಲಿ 2003ರ ಪರವಾನಗಿ ಕಾಯ್ದೆಯ ಕೆಳಗೆ ಮದ್ಯದ ಪರವಾನಗಿ ಕೊಡುವುದು ಸ್ಥಳೀಯ ಆಡಳಿತವೇ. ಚುನಾಯಿತ ಸದಸ್ಯರ ಸಮಿತಿ ಅರ್ಜಿಗಳ ವಿಚಾರಣೆ ನಡೆಸುತ್ತದೆ. ಅಕ್ಕಪಕ್ಕದವರು ಬಂದು ಆಕ್ಷೇಪ ಹೇಳಬಹುದು. ಅಪರಾಧ ತಡೆ, ಸಾರ್ವಜನಿಕ ಸುರಕ್ಷೆ, ಕಿರುಕುಳದ ತಡೆ, ಮಕ್ಕಳ ರಕ್ಷಣೆ ಎಂಬ ನಾಲ್ಕು ಉದ್ದೇಶಗಳ ಮೇಲೆ ತೀರ್ಮಾನ ಆಗಬೇಕು. ಪಟ್ಟಣದ ನಡುವೆ ಅಂಗಡಿಗಳು ಈಗಾಗಲೇ ಒತ್ತಾಗಿದ್ದರೆ, ಎಲ್ಲದರ ಒಟ್ಟು ಪರಿಣಾಮ ಅಳೆದು ಆ ಭಾಗವನ್ನು ಪ್ರತ್ಯೇಕ ವಲಯ ಎಂದು ಸಾರಬಹುದು. ಈ ಕ್ರಮಕ್ಕೆ 2018ರಿಂದ ಕಾಯ್ದೆಯ ಬಲವೂ ಇದೆ. ಅಂಥ ಕಡೆ ಹೊಸ ಅರ್ಜಿಗೆ ಆಕ್ಷೇಪ ಬಂದರೆ, ತನ್ನ ಅಂಗಡಿಯಿಂದ ತೊಂದರೆ ಹೆಚ್ಚದು ಎಂದು ಅರ್ಜಿದಾರನೇ ತೋರಿಸಬೇಕು. ನಮ್ಮಲ್ಲಿ ತೊಂದರೆ ಆಗುತ್ತದೆ ಎಂದು ಊರಿನವರು ಕಚೇರಿಯಿಂದ ಕಚೇರಿಗೆ ಅಲೆದು ತೋರಿಸಬೇಕು. ಅದೂ ಅಂಗಡಿ ತೆರೆದ ಮೇಲೆ. ಒಂಟಿ ಅಂಗಡಿಯನ್ನಷ್ಟೇ ಅಳೆಯುವ ನಮ್ಮ ನೂರು ಮೀಟರಿನ ನಿಯಮಕ್ಕೆ ಇಲ್ಲದ ಶಕ್ತಿ ಆ ಪದ್ಧತಿಗೆ ಇದೆ. ಅದು ಬೀದಿಯನ್ನು ಅಳೆಯುತ್ತದೆ.

ವಾದದ ಒಂದು ಮಗ್ಗುಲು ಮುಗಿಯಿತು. ಪೇಟೆ ಎಲ್ಲರದು, ಅಪ್ಪಣೆ ಹೊರಗಿನದು, ಭಾರ ಊರಿನದು, ದಾರಿಯೂ ಇದೆ. ಇನ್ನು ಇದಕ್ಕೆ ಬರುವ ಆಕ್ಷೇಪಗಳನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಮೊದಲನೆಯ ಆಕ್ಷೇಪ ಆದಾಯದ್ದು. ಸರಕಾರಕ್ಕೆ ಹಣ ಬೇಡವೇ? ಶಾಲೆ, ಆಸ್ಪತ್ರೆ, ಪಿಂಚಣಿ ಎಲ್ಲಿಂದ ನಡೆಯಬೇಕು? ಇದು ಹಗುರವಾದ ಪ್ರಶ್ನೆ ಅಲ್ಲ. ಆದರೆ ಪೇಟೆಯ ನಡುವಿನ ಸಂಖ್ಯೆಗೆ ಮಿತಿ ಹಾಕಿದ ಮಾತ್ರಕ್ಕೆ ಬೊಕ್ಕಸ ಬರಿದಾಗುವುದಿಲ್ಲ. ಅಂಗಡಿ ಮುಚ್ಚಿದರೆ ಆದಾಯ ನಿಂತೇ ಹೋಗುತ್ತದೆ ಎಂದು ಸಾರಾಯಿ ನಿಷೇಧದ ಕಾಲದಲ್ಲೂ ಹೆದರಿಸಿದ್ದರು. ಆಮೇಲೆ ಆದಾಯ ಏಳು ಪಟ್ಟು ಆಯಿತು. ಇನ್ನೊಂದು ಅಂಶವನ್ನೂ ನೆನಪಿಡಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ ಗಂಡಸರಲ್ಲಿ ಕುಡಿಯುವವರು ನೂರಕ್ಕೆ ಸುಮಾರು ಹದಿನಾರು ಹದಿನೇಳು. ಹೆಂಗಸರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಅಂದರೆ ಅಷ್ಟು ದೊಡ್ಡ ಆದಾಯ ಕೆಲವೇ ಮನೆಗಳಿಂದ ಬರುತ್ತಿದೆ. ಅವುಗಳಲ್ಲಿ ಬಡವರ ಮನೆಗಳು ಎಷ್ಟೋ. ಒಂದು ಕೈಯಿಂದ ಮನೆಯೊಡತಿಗೆ ಹಣ ಕೊಟ್ಟು, ಇನ್ನೊಂದು ಕೈಯಿಂದ ಅದೇ ಮನೆಯ ಯಜಮಾನನಿಂದ ಹಣ ಪಡೆಯುವುದು ಕಲ್ಯಾಣ ರಾಜ್ಯಕ್ಕೆ ಶೋಭೆಯಲ್ಲ. ಮದ್ಯಪಾನ ನಿಷೇಧದ ಕಡೆಗೆ ಸರಕಾರ ಪ್ರಯತ್ನಿಸಬೇಕು ಎಂದು ಸಂವಿಧಾನದ 47ನೆಯ ವಿಧಿ ಹೇಳುತ್ತದೆ. ಅಷ್ಟು ದೂರ ಹೋಗಲಾಗದ ಸರಕಾರ, ಊರಿನ ನಡುವೆ ಒಂದು ಮಿತಿಯನ್ನಾದರೂ ಒಪ್ಪಬೇಕು.

ಎರಡನೆಯ ಆಕ್ಷೇಪ ಕಳ್ಳ ಮದ್ಯದ್ದು. ಪರವಾನಗಿ ತಡೆದರೆ ಕಳ್ಳಭಟ್ಟಿ ಹೆಚ್ಚುತ್ತದೆ ಎನ್ನುತ್ತಾರೆ. ಇದಕ್ಕೆ ಈ ಭಾಗದ ಚರಿತ್ರೆಯೇ ಸಾಕ್ಷಿ ಎಂದೂ ಹೇಳಬಹುದು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದ ಊರು. 1948ರಲ್ಲಿ ಮುಂಬಯಿ ಪ್ರಾಂತದ ಒಳಗೆ ಬಂತು. 1949ರ ಮುಂಬಯಿ ಪಾನನಿಷೇಧ ಕಾಯ್ದೆ 1950ರಲ್ಲಿ ಜಾರಿಯಾದಾಗ ಧಾರವಾಡ ಸೀಮೆಗೂ ಅನ್ವಯವಾಯಿತು. ಏಕೀಕರಣದ ನಂತರವೂ ಈ ಭಾಗದಲ್ಲಿ ನಿಷೇಧ ಮುಂದುವರಿಯಿತು. ಅರವತ್ತರ ದಶಕದ ಕೊನೆಗೆ ಅದು ತೆರವಾಯಿತು. ಆಂಧ್ರದಲ್ಲಿ 1995ರಲ್ಲಿ ಬಂದ ನಿಷೇಧ 1997ರಲ್ಲಿ ಸಡಿಲವಾಯಿತು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ 2015ರಲ್ಲಿ ಬಂದದ್ದು 2021ರಲ್ಲಿ ಹೋಯಿತು. ಸಂಪೂರ್ಣ ನಿಷೇಧ ಉಳಿಸಿಕೊಳ್ಳುವುದು ಕಷ್ಟ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಆದ್ದರಿಂದಲೇ ಕೇಳುತ್ತಿರುವುದು ಮಿತಿ. ನಿಷೇಧದಲ್ಲಿ ಕುಡಿಯುವವನಿಗೆ ಕಾನೂನಿನ ದಾರಿಯೇ ಮುಚ್ಚುತ್ತದೆ. ಮಿತಿಯಲ್ಲಿ ಮುಚ್ಚುವುದಿಲ್ಲ. ಅವನು ನಾಲ್ಕು ಹೆಜ್ಜೆ ಹೆಚ್ಚು ನಡೆಯಬೇಕು, ಅಷ್ಟೇ. ಇನ್ನೊಂದು ಸತ್ಯವನ್ನೂ ಹೇಳಲೇಬೇಕು. ಇವತ್ತು ಹಳ್ಳಿಗಳಲ್ಲಿ ಅಕ್ರಮವಾಗಿ ಮಾರಾಟವಾಗುವ ಮದ್ಯದ ದೊಡ್ಡ ಪಾಲು ಕಾಡಿನಲ್ಲಿ ಕಾಸಿದ್ದಲ್ಲ. ಪಟ್ಟಣದ ಪರವಾನಗಿ ಅಂಗಡಿಯಿಂದ ಬಾಕ್ಸುಗಟ್ಟಲೆ ಬೈಕಿನ ಮೇಲೆ ಹೋಗುತ್ತದೆ. ಹಳ್ಳಿಯ ಕಿರಾಣಿ ಅಂಗಡಿಯಲ್ಲಿ, ಚಹದ ಗೂಡಿನಲ್ಲಿ ಹತ್ತಿಪ್ಪತ್ತು ರೂಪಾಯಿ ಹೆಚ್ಚಿಗೆ ಮಾರಾಟವಾಗುತ್ತದೆ. ಪರವಾನಗಿ ಅಂಗಡಿ ಹೆಚ್ಚಿದರೆ ಅಕ್ರಮ ಕಡಿಮೆಯಾಗುತ್ತದೆ ಎಂಬ ವಾದ ಇಲ್ಲಿ ತಲೆಕೆಳಗಾಗುತ್ತದೆ. ಅಕ್ರಮಕ್ಕೆ ಸರಬರಾಜು ಸಿಗುವುದೇ ಸಕ್ರಮದಿಂದ.

ಆದಾಯ ಮತ್ತು ಕಳ್ಳ ಮದ್ಯ, ಎರಡು ಆಕ್ಷೇಪ ಕೇಳಿದೆವು. ಮೂರನೆಯದು ಹಕ್ಕಿನದು. ಪರವಾನಗಿದಾರರು ಶುಲ್ಕ ಕಟ್ಟಿದ್ದಾರೆ. ಅವರನ್ನು ನಂಬಿ ಕೆಲಸಗಾರರಿದ್ದಾರೆ. ಅವರ ವ್ಯಾಪಾರದ ಹಕ್ಕು ಏನಾಗಬೇಕು? ಮದ್ಯದ ವ್ಯಾಪಾರ ಮೂಲಭೂತ ಹಕ್ಕು ಅಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. 1994ರಲ್ಲಿ ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರಕಾರದ ನಡುವಿನ ಪ್ರಕರಣದಲ್ಲೇ ಆ ತೀರ್ಪು ಬಂತು. ಸರಕಾರ ಅದನ್ನು ನಿಷೇಧಿಸಬಹುದು, ನಿಯಂತ್ರಿಸಬಹುದು, ಮಿತಿ ಹಾಕಬಹುದು. ಹಾಗೆಂದು ಇದ್ದವರನ್ನು ರಾತ್ರೋರಾತ್ರಿ ಬೀದಿಗೆ ತಳ್ಳಬೇಕು ಎಂದು ನಾನು ಹೇಳುವುದಿಲ್ಲ. ಅದು ನ್ಯಾಯವಲ್ಲ. ಪೇಟೆಯ ನಡುವೆ ಹೊಸದು ಬೇಡ. ಹೊರಗಿನಿಂದ ಒಳಗೆ ಸ್ಥಳಾಂತರ ಬೇಡ. ಇದ್ದದ್ದನ್ನು ಕಾಲಾವಕಾಶ ಕೊಟ್ಟು, ಬದಲಿ ಜಾಗ ತೋರಿಸಿ, ಕ್ರಮೇಣ ಹೊರಗೆ ಕಳಿಸಬೇಕು. ನಾಲ್ಕನೆಯ ಆಕ್ಷೇಪ ಪುರಸಭೆಯ ಬಗ್ಗೆಯೇ ಇದೆ. ಸದಸ್ಯರ ಮೇಲೆ ಅಂಗಡಿ ಮಾಲೀಕರು ಪ್ರಭಾವ ಬೀರುವುದಿಲ್ಲವೇ ಎಂದು ಕೇಳುತ್ತಾರೆ. ಬೀರಬಹುದು. ಅದಕ್ಕೇ ಎರಡು ಬೀಗ ಬೇಕು. ಒಂದು, ಪುರಸಭೆಯ ಬಹಿರಂಗ ಸಭೆಯ ಠರಾವು. ಎರಡು, ವಾರ್ಡಿನ ಮತದಾರರ ಗುಪ್ತ ಮತ. ಇಪ್ಪತ್ತು ಮೂವತ್ತು ಸದಸ್ಯರನ್ನು ಒಲಿಸಬಹುದು. ಒಂದು ವಾರ್ಡಿನ ಎಲ್ಲ ಹೆಣ್ಣುಮಕ್ಕಳ ಗುಪ್ತ ಮತ ಕೊಳ್ಳುವುದು ಅಷ್ಟು ಸುಲಭವಲ್ಲ. 1993ರಲ್ಲಿ ಜಾರಿಗೆ ಬಂದ 74ನೆಯ ತಿದ್ದುಪಡಿ ಪುರಸಭೆಗಳ ಕನಿಷ್ಠ ಮೂರನೆಯ ಒಂದು ಭಾಗದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಕೊಟ್ಟಿದೆ. ಅವರು ಕೂತ ಸಭೆಗೆ ಈ ವಿಷಯದಲ್ಲಿ 'ಬೇಡ' ಎನ್ನುವ ಅಧಿಕಾರವನ್ನೇ ಕೊಡದಿದ್ದರೆ, ಆ ಮೀಸಲಾತಿಯ ಅರ್ಥ ಅರ್ಧವಾಗುತ್ತದೆ.

ಕೇಳುಗರೇ, ಈ ಬೇಡಿಕೆ ಹೊಸದಲ್ಲ. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋದರು. ಸುಮಾರು 200 ಕಿಲೋಮೀಟರ್. ಮದ್ಯ ನಿಷೇಧ ಆಂದೋಲನದ ಕರೆಗೆ ಓಗೊಟ್ಟವರು ಅವರು. ರಾಯಚೂರು ಕಡೆಯ ಕೂಲಿಕಾರ ಹೆಣ್ಣುಮಕ್ಕಳು ಅದರಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ಜನವರಿ 30ರಂದು, ಗಾಂಧೀಜಿ ಹುತಾತ್ಮರಾದ ದಿನ, ರಾಜಧಾನಿ ತಲುಪಿದರು. ನಿಷೇಧದ ಜೊತೆಗೆ ಗ್ರಾಮಸಭೆಯ ಒಪ್ಪಿಗೆ ಇಲ್ಲದೆ ಅಂಗಡಿ ಬೇಡ ಎಂಬ ಮಾತೂ ಅವರ ಬೇಡಿಕೆಯಲ್ಲಿತ್ತು. ಬುಡಕಟ್ಟು ಜನರ ಅನುಸೂಚಿತ ಪ್ರದೇಶಗಳ ಗ್ರಾಮಸಭೆಗಳಿಗೆ 1996ರ ಕೇಂದ್ರ ಕಾಯ್ದೆ ಇಂಥ ಅಧಿಕಾರವನ್ನು ಆಗಲೇ ಗುರುತಿಸಿದೆ. ಕರ್ನಾಟಕದಲ್ಲಿ ಅಂಥ ಅನುಸೂಚಿತ ಪ್ರದೇಶ ಇಲ್ಲ. ಆದ್ದರಿಂದ ನಮ್ಮ ವಿಧಾನಸಭೆಯೇ ಅದನ್ನು ಕೊಡಬೇಕು. ಹಳ್ಳಿಯಲ್ಲಿ ಗ್ರಾಮಸಭೆಗೆ, ಪಟ್ಟಣದಲ್ಲಿ ವಾರ್ಡಿಗೆ.

ಕಾನೂನು ಬದಲಾಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಪುರಸಭೆಗಳು ಇವತ್ತೇ ಮಾಡಬಹುದಾದ ಕೆಲಸಗಳಿವೆ. ಊರಿನ ನಕ್ಷೆ ಹಾಸಿ, ಅದರ ಮೇಲೆ ಪ್ರತಿ ಮದ್ಯದಂಗಡಿ, ಪ್ರತಿ ಶಾಲೆ, ಗುಡಿ, ಮಸೀದಿ, ಬಸದಿ, ಆಸ್ಪತ್ರೆ, ಬಸ್‌ ನಿಲ್ದಾಣ ಗುರುತಿಸಲಿ. ಮಕ್ಕಳು ನಡೆಯುವ ದಾರಿಗೂ ಗೆರೆ ಎಳೆಯಲಿ. ನೂರು ಮೀಟರಿನ ನಿಯಮ ಎಲ್ಲೆಲ್ಲಿ ಮುರಿದಿದೆ ಎಂದು ಅಳೆದು ನೋಡಲಿ. ಸೀಲು ಬಾಟಲಿ ಮಾತ್ರ ಮಾರಬೇಕಾದ ಅಂಗಡಿಯ ಮುಂದೆ ನಿಂತು ಕುಡಿಯಲು ಬಿಡುತ್ತಿದ್ದರೆ ಅದನ್ನು ಬರೆದಿಡಲಿ. ಪೇಟೆಯ ಗಡಿ ನಿಗದಿ ಮಾಡಿ, ಅದರೊಳಗೆ ಹೊಸ ಪರವಾನಗಿಯೂ ಸ್ಥಳಾಂತರವೂ ಬೇಡ ಎಂದು ಕಾರಣಸಹಿತ ಠರಾವು ಮಾಡಲಿ. ಜುಲೈ 1ರ ನವೀಕರಣಕ್ಕೆ ಮೊದಲೇ ಅದು ಜಿಲ್ಲಾಧಿಕಾರಿಗಳ ಕೈ ಸೇರಲಿ. ಕಾರಣ ಕೊಟ್ಟು, ನಕ್ಷೆ ಲಗತ್ತಿಸಿ ಕಳಿಸಿದ ಠರಾವನ್ನು ಪಕ್ಕಕ್ಕಿಡುವುದು ಯಾವ ಅಧಿಕಾರಿಗೂ ಕಷ್ಟ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಲಕ್ಷ್ಮೇಶ್ವರದವರಾಗಲಿ, ಶಿರಹಟ್ಟಿ, ಮುಂಡರಗಿ, ಗದಗ-ಬೆಟಗೇರಿಯವರಾಗಲಿ, ನಿಮ್ಮ ವಾರ್ಡಿನ ಸದಸ್ಯರನ್ನು ಈ ವಾರವೇ ಕಾಣಿರಿ. ಮುಂದಿನ ಸಾಮಾನ್ಯ ಸಭೆಯ ವಿಷಯ ಪಟ್ಟಿಯಲ್ಲಿ ಈ ಮಾತನ್ನು ಸೇರಿಸಲು ಬರಹದಲ್ಲಿ ಕೇಳಿರಿ. ನಿಮ್ಮ ಶಾಸಕರಿಗೆ ಪತ್ರ ಬರೆಯಿರಿ. ವಾರ್ಡಿನ ಮತದಾನಕ್ಕೆ ಅವಕಾಶ ಕೊಡುವ ತಿದ್ದುಪಡಿಯನ್ನು ಅಬಕಾರಿ ಕಾಯ್ದೆಗೆ ತರುವಿರಾ ಎಂದು ಕೇಳಿರಿ. ಹೌದು ಅಥವಾ ಇಲ್ಲ ಎಂಬ ಉತ್ತರ ಪಡೆಯುವವರೆಗೆ ಬಿಡಬೇಡಿರಿ.